ವಕೀಲಿ ಕಚೇರಿಯನ್ನು ಮುಚ್ಚಬೇಕಾಗಿದೆ, ಎಲ್ಲಿಂದ ಆರಂಭಿಸಲಿ?

ಪ್ರಶ್ನೆ: ಮೂವತ್ತನಾಲ್ಕು ವರ್ಷಗಳಿಂದ ನಾನು ಒಬ್ಬನೇ ವಕೀಲಿ ಕಚೇರಿ ನಡೆಸಿಕೊಂಡು ಬಂದಿದ್ದೇನೆ. ಹೆಚ್ಚಿನವು ಸಿವಿಲ್ ದಾವೆಗಳು. ಕೆಲವು ಮೇಲ್ಮನವಿಗಳಿವೆ, ಆಸ್ತಿಪತ್ರಗಳ ಪರಿಶೀಲನೆ ಮತ್ತು ಉಯಿಲು ಬರೆದುಕೊಡುವ ಕೆಲಸವೂ ಇದೆ. ಕಳೆದ ವರ್ಷ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ, ಇನ್ನು ಎಂಟು ತಿಂಗಳಲ್ಲಿ ಕಚೇರಿ ಮುಚ್ಚುವುದೆಂದು ತೀರ್ಮಾನಿಸಿದ್ದೇನೆ. ಸುಮಾರು 120 ಪ್ರಕರಣಗಳು ನಡೆಯುತ್ತಿವೆ, ಹಳೆಯ ಕಡತಗಳು ಮೂರು ಬೀರುಗಳ ತುಂಬ ಇವೆ. ನನ್ನೊಂದಿಗೆ ಒಬ್ಬ ಕಿರಿಯ ವಕೀಲರೂ ಒಬ್ಬ ಗುಮಾಸ್ತರೂ ಇದ್ದಾರೆ. ಎಲ್ಲವನ್ನೂ ಕಿರಿಯರಿಗೆ ಒಪ್ಪಿಸಿ ಹೊರಟರೆ ಸಾಕೆ? ಕಕ್ಷಿದಾರರಿಗೆ ತೊಂದರೆಯಾಗದಂತೆ, ನನ್ನ ಹೆಸರಿಗೂ ಕುಂದು ಬಾರದಂತೆ ಇದನ್ನು ಹೇಗೆ ಮಾಡಬೇಕು?

ಉತ್ತರ: ಕಿರಿಯರಿಗೆ ಒಪ್ಪಿಸಿ ಹೊರಟರೆ ಸಾಲದು. ಏಕೆಂದರೆ ಆ 120 ಪ್ರಕರಣಗಳು ನೀವು ಯಾರಿಗಾದರೂ ಒಪ್ಪಿಸಬಹುದಾದ ನಿಮ್ಮ ಸ್ವತ್ತಲ್ಲ. ಪ್ರತಿಯೊಬ್ಬ ಕಕ್ಷಿದಾರರೂ ವಕಾಲತ್ತಿಗೆ, ಅಂದರೆ ತಮ್ಮ ಪರವಾಗಿ ಹಾಜರಾಗಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿದ್ದು ನಿಮ್ಮನ್ನು ನಂಬಿ. ಆ ನಂಬಿಕೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವ ಅಧಿಕಾರ ಅವರದೇ ಹೊರತು ನಿಮ್ಮದಲ್ಲ. ನಿಮ್ಮ ಕಿರಿಯರು ಸಮರ್ಥರೂ ಪ್ರಾಮಾಣಿಕರೂ ಆಗಿದ್ದರೆ ಅವರ ಹೆಸರನ್ನು ಧಾರಾಳವಾಗಿ ಸೂಚಿಸಿ, ಆದರೆ ಅದು ಸೂಚನೆಯಾಗಿಯೇ ಉಳಿಯಬೇಕು. ವಕೀಲಿ ಕಚೇರಿಯನ್ನು ಮಾರಾಟ ಮಾಡಲು ಅವಕಾಶ ಕೊಡುವ ಅಮೆರಿಕನ್ ವಕೀಲರ ಸಂಘದ ಮಾದರಿ ನಿಯಮಗಳು ಕೂಡ, ಪ್ರತಿ ಕಕ್ಷಿದಾರರಿಗೂ ಲಿಖಿತ ತಿಳಿವಳಿಕೆ ನೀಡಬೇಕು, ಬೇರೆ ವಕೀಲರನ್ನು ನೇಮಿಸಿಕೊಳ್ಳುವ ಅಥವಾ ಕಡತವನ್ನು ಮರಳಿ ಪಡೆಯುವ ಹಕ್ಕು ಅವರಿಗಿದೆಯೆಂದು ಹೇಳಬೇಕು, 90 ದಿನಗಳೊಳಗೆ ಅವರು ಆಕ್ಷೇಪಿಸದಿದ್ದರೆ ಮಾತ್ರ ಒಪ್ಪಿಗೆಯಿದೆಯೆಂದು ಭಾವಿಸಬೇಕು ಎನ್ನುತ್ತವೆ. ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ 12ನೆಯದು, ಒಮ್ಮೆ ಒಪ್ಪಿಕೊಂಡ ಕೆಲಸವನ್ನು ಸಾಕಷ್ಟು ಕಾರಣವಿಲ್ಲದೆ, ಕಕ್ಷಿದಾರರಿಗೆ ಸಕಾಲದಲ್ಲಿ ತಿಳಿಸದೆ ಬಿಡಬಾರದೆಂದೂ, ಬಿಟ್ಟಾಗ ದುಡಿಯದ ಶುಲ್ಕವನ್ನು ಹಿಂದಿರುಗಿಸಬೇಕೆಂದೂ ಹೇಳುತ್ತದೆ. ನಿಯಮಗಳ ವಿವರ ದೇಶಕ್ಕೊಂದು ತೆರನಾಗಿರುತ್ತದೆ, ಆದ್ದರಿಂದ ನಾನು ಮುಂದೆ ಹೇಳುವುದನ್ನು ನೀವು ನೋಂದಣಿಯಾಗಿರುವ ಪರಿಷತ್ತಿನ ನಿಯಮಗಳ ಜೊತೆಗಿಟ್ಟು ಓದಿಕೊಳ್ಳಿ. ಆದರೆ ಕಕ್ಷಿದಾರರು ಒಂದು ದಿನವೂ ತಮ್ಮ ಪ್ರಕರಣದ ಮುಂದಿನ ವಾಯಿದೆ (ವಿಚಾರಣೆಗೋ ಕೆಲಸಕ್ಕೋ ಗೊತ್ತಾದ ದಿನ) ತಿಳಿದಿರುವ ವಕೀಲರಿಲ್ಲದೆ ಇರಬಾರದು ಎಂಬುದು ಎಲ್ಲೆಡೆಯೂ ಒಂದೇ, ಮತ್ತು ಇಡೀ ಕೆಲಸವನ್ನು ಆ ಒಂದು ಅಗತ್ಯದ ಸುತ್ತ ಕಟ್ಟಿಕೊಳ್ಳಬಹುದು.

ಎಂಟು ತಿಂಗಳ ಯೋಜನೆಗೆ ಕೈಹಾಕುವ ಮುನ್ನ ಈ ವಾರವೇ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಆರೋಗ್ಯದ ಸ್ಥಿತಿಯನ್ನು ನೀವೇ ತಿಳಿಸಿರುವುದರಿಂದ ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನೀವು ಹಠಾತ್ತನೆ ಆಸ್ಪತ್ರೆ ಸೇರಿದರೆ ಮರುದಿನ ನ್ಯಾಯಾಲಯದಲ್ಲಿ ನಿಂತು ಮುದ್ದತು (ವಿಚಾರಣೆಯ ಮುಂದೂಡಿಕೆ) ಕೇಳಬಲ್ಲ, ಕಚೇರಿಯ ಕೀಲಿ ಮತ್ತು ಡೈರಿ ಎಲ್ಲಿವೆಯೆಂದು ಬಲ್ಲ ಒಬ್ಬ ಸಹವಕೀಲರನ್ನು ಲಿಖಿತವಾಗಿ ಗೊತ್ತುಮಾಡಿಕೊಳ್ಳಿ. ಒಬ್ಬರೇ ಕಚೇರಿ ನಡೆಸುವ ವಕೀಲರು ತಮ್ಮ ಮರಣ ಅಥವಾ ಅಶಕ್ತತೆಯ ಸಂದರ್ಭಕ್ಕಾಗಿ ಇಂಥ ಯೋಜನೆ ಮಾಡಿಟ್ಟುಕೊಳ್ಳುವುದು ಶ್ರದ್ಧೆಯ ಕರ್ತವ್ಯದ ಭಾಗವೇ ಆಗಬಹುದೆಂದು ಅಮೆರಿಕದ ಅದೇ ಮಾದರಿ ನಿಯಮಗಳ ವಿವರಣೆ ಹೇಳುತ್ತದೆ. 1992ರಷ್ಟು ಹಿಂದೆಯೇ ಆ ಸಂಘದ ವೃತ್ತಿನೀತಿ ಸಮಿತಿ ಈ ವಿಷಯದ ಮೇಲೆ ಔಪಚಾರಿಕ ಅಭಿಪ್ರಾಯವನ್ನು ನೀಡಿತ್ತು. ಸಹವಕೀಲರನ್ನು ಗೊತ್ತುಮಾಡುವ ಪತ್ರದಲ್ಲಿ ಅವರ ಕೆಲಸದ ಮಿತಿಯನ್ನು ಸ್ಪಷ್ಟವಾಗಿ ಬರೆಯಿರಿ: ಕಡತಗಳನ್ನು ನೋಡುವುದು, ಕಕ್ಷಿದಾರರಿಗೆ ತಿಳಿಸುವುದು, ತುರ್ತಿನ ವಾಯಿದೆಗಳನ್ನು ಕಾಯುವುದು. ಅವರು ತಾವಾಗಿಯೇ ಆ ಕಕ್ಷಿದಾರರ ವಕೀಲರಾಗುವುದಿಲ್ಲ. ನಿಮ್ಮ ಯಾವುದೇ ಪ್ರಕರಣದಲ್ಲಿ ಎದುರು ಪಕ್ಷದ ಪರವಾಗಿರುವವರನ್ನು ಈ ಕೆಲಸಕ್ಕೆ ಆರಿಸಬಾರದೆಂಬುದು ಹೇಳದಿದ್ದರೂ ತಿಳಿಯುವ ಮಾತೆನಿಸಬಹುದು. ಆದರೆ ಸ್ನೇಹದ ಸಲುಗೆಯಲ್ಲಿ ಈ ಎಚ್ಚರ ತಪ್ಪಿದ್ದನ್ನು ನಾನು ಕಂಡಿದ್ದೇನೆ.

ನಾನು ಈ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಹಠಾತ್ತನೆ ತೀರಿಕೊಂಡ ಹಿರಿಯರೊಬ್ಬರ ಕಚೇರಿಯ ಕಡತಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವರು ಬಹಳ ನೇರ ಮನುಷ್ಯರು, ಚೆನ್ನಾಗಿ ವಾದ ಮಂಡಿಸುವವರು. ಅವರ ಮೇಜಿನ ಎಡಗಡೆಯ ಖಾನೆಯಲ್ಲಿ ಬೆರಳಚ್ಚಾಗಿ ಸಹಿಗೆ ಕಾದಿದ್ದ ಮೇಲ್ಮನವಿಯೊಂದು ಸಿಕ್ಕಿತು, ಅದರ ಕಾಲಮಿತಿ ನಾವು ಖಾನೆ ತೆರೆಯುವುದಕ್ಕೆ ಹನ್ನೊಂದು ದಿನ ಮೊದಲೇ ಮುಗಿದಿತ್ತು. ವಿಳಂಬ ಮನ್ನಾ ಕೋರಿ ಅರ್ಜಿ ಹಾಕಿದೆವು, ನ್ಯಾಯಾಲಯ ಅದನ್ನು ಒಪ್ಪಿತು. ಆದರೂ ಆ ಅರ್ಜಿ ತೀರ್ಮಾನವಾಗುವವರೆಗಿನ ತಿಂಗಳುಗಳಲ್ಲಿ ಆ ಕಕ್ಷಿದಾರರು ಪ್ರತಿ ವಾರ ಬಂದು ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳುತ್ತಿದ್ದ ರೀತಿ ನನಗೆ ಇಂದಿಗೂ ಮರೆತಿಲ್ಲ. ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರರು ಬೆಲೆ ತೆರಬಾರದೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ಹೇಳಿದೆ ನಿಜ, ಆದರೆ ಎಲ್ಲ ವಿಳಂಬವೂ ಮನ್ನಾ ಆಗುತ್ತದೆಂಬ ಭರವಸೆಯನ್ನು ಅದು ಯಾರಿಗೂ ಕೊಟ್ಟಿಲ್ಲ.

ಇನ್ನು ನಿಮ್ಮ ಎಂಟು ತಿಂಗಳ ಗಡುವು. ಕಚೇರಿ ಮುಚ್ಚುವ ದಿನವನ್ನು ಮೊದಲು ಗೊತ್ತುಮಾಡಿ ಪ್ರಕರಣಗಳನ್ನು ಅದಕ್ಕೆ ಹೊಂದಿಸಲು ಹೋಗಬೇಡಿ. ಮೊದಲು ಪಟ್ಟಿ ಮಾಡಿ, ದಿನವನ್ನು ಪಟ್ಟಿಯೇ ಹೇಳಲಿ. ಈ ಪಟ್ಟಿ ನ್ಯಾಯಾಲಯದ ಡೈರಿಯ ನಕಲಾಗಿದ್ದರೆ ಪ್ರಯೋಜನವಿಲ್ಲ. ಡೈರಿಯಲ್ಲಿ ಇರುವುದು ನ್ಯಾಯಾಲಯ ಕೊಟ್ಟ ವಾಯಿದೆಗಳು ಮಾತ್ರ, ಅಪಾಯ ಇರುವುದು ನ್ಯಾಯಾಲಯ ಕೊಡದ ವಾಯಿದೆಗಳಲ್ಲಿ. ನೋಟಿಸು ಕಳಿಸಿ ಉತ್ತರಕ್ಕಾಗಿ ಕಾದಿರುವ, ಇನ್ನೂ ದಾವೆ ಹೂಡದ ವಿಷಯಗಳು, ತೀರ್ಪು ಬಂದು ಮೇಲ್ಮನವಿಯ ಅವಧಿ ಓಡುತ್ತಿರುವ ಪ್ರಕರಣಗಳು, ಪಕ್ಷಕಾರರೊಬ್ಬರು ತೀರಿಕೊಂಡು ವಾರಸುದಾರರನ್ನು ದಾಖಲೆಗೆ ತರಬೇಕಾದ ದಾವೆಗಳು, ಡಿಕ್ರಿಯಾಗಿ (ನ್ಯಾಯಾಲಯದ ತೀರ್ಮಾನದ ಆದೇಶ ಬಂದು) ಅದನ್ನು ಜಾರಿಗೆ ತರಿಸುವ ಅಮಲ್ಜಾರಿ ಅರ್ಜಿ ಹಾಕದೆ ಉಳಿದವು, ನ್ಯಾಯಾಲಯದಲ್ಲಿ ಠೇವಣಿಯಾಗಿ ಬಿದ್ದಿರುವ ಹಣ, ಸಾಕ್ಷ್ಯವೆಂದು ನ್ಯಾಯಾಲಯದ ನಿಶಾನೆ ಹಾಕಿಸಿ ಹಿಂದಕ್ಕೆ ಪಡೆಯದ ಮೂಲ ದಾಖಲೆಗಳು, ಅರ್ಜಿ ಹಾಕಿ ಬಾರದಿರುವ ದೃಢೀಕೃತ ನಕಲುಗಳು, ಇವೆಲ್ಲ ಪಟ್ಟಿಗೆ ಸೇರಬೇಕು. ಭಾರತದ 1963ರ ಕಾಲಪರಿಮಿತಿ ಅಧಿನಿಯಮದ ಪ್ರಕಾರ ಡಿಕ್ರಿಯ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಮೊದಲ ಮೇಲ್ಮನವಿಗೆ 90 ದಿನ, ಇತರ ನ್ಯಾಯಾಲಯಗಳಿಗೆ 30 ದಿನ, ಮೃತ ಪಕ್ಷಕಾರರ ವಾರಸುದಾರರನ್ನು ತರಲು 90 ದಿನ ಇರುತ್ತದೆ. ಕಚೇರಿ ಮುಚ್ಚುವ ಗಡಿಬಿಡಿಯಲ್ಲಿ ಮೂವತ್ತು ದಿನ ಎಷ್ಟು ಬೇಗ ಕಳೆಯುತ್ತದೆಂದು ನಿಮ್ಮಂಥ ಅನುಭವಿಗಳಿಗೆ ನಾನು ಹೇಳಬೇಕಾಗಿಲ್ಲ.

ಪಟ್ಟಿಯನ್ನು ನೀವೇ, ಕಡತಗಳನ್ನು ಒಂದೊಂದಾಗಿ ತೆರೆದು ಮಾಡಬೇಕು. ಗುಮಾಸ್ತರು ಎಷ್ಟೇ ನಿಷ್ಠರಾಗಿದ್ದರೂ ಕಡತದ ಒಳಗಿನ ಅಪಾಯವನ್ನು ಗುರುತಿಸುವ ಕಣ್ಣು ನಿಮ್ಮದು. ದಿನಕ್ಕೆ ಹತ್ತು ಕಡತಗಳಂತೆ ಹನ್ನೆರಡು ದಿನ ಸಾಕು, ಆದರೆ ಆ ಹನ್ನೆರಡು ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಪಟ್ಟಿಯಾದ ಮೇಲೆ, ಯಾವುದು ಎಂಟು ತಿಂಗಳೊಳಗೆ ಮುಗಿಯುತ್ತದೆ, ಯಾವುದನ್ನು ಈಗಲೇ ಇನ್ನೊಬ್ಬರು ವಹಿಸಿಕೊಳ್ಳಬಹುದು, ಯಾವುದನ್ನು ನಡುವೆ ಕೈಬದಲಿಸಿದರೆ ಕಕ್ಷಿದಾರರಿಗೆ ಹಾನಿ ಎಂಬುದು ತಾನಾಗಿ ಕಾಣುತ್ತದೆ. ಮುಖ್ಯ ಸಾಕ್ಷಿಯ ಪಾಟೀಸವಾಲು ಅರ್ಧವಾಗಿರುವ ದಾವೆಯನ್ನಾಗಲಿ, ವಾದ ಕೇಳಿ ತೀರ್ಪಿಗೆ ಹತ್ತಿರವಾಗಿರುವ ಪ್ರಕರಣವನ್ನಾಗಲಿ ಹೊಸಬರ ಕೈಗೆ ಕೊಡಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸಾಕ್ಷಿ ಪೆಟ್ಟಿಗೆಯಲ್ಲಿದ್ದವರು ಯಾವ ಪ್ರಶ್ನೆಗೆ ತಡವರಿಸಿದರು ಎಂಬುದು ಟಿಪ್ಪಣಿಯಲ್ಲಿ ಬರುವುದಿಲ್ಲ. ಅಂಥ ನಾಲ್ಕೈದು ಪ್ರಕರಣಗಳಿಗಾಗಿ ಗಡುವನ್ನು ಎರಡು ತಿಂಗಳು ಮುಂದೂಡಬೇಕಾದರೆ, ನಿಮ್ಮ ವೈದ್ಯರು ಒಪ್ಪುವ ಮಟ್ಟಿಗೆ, ಮುಂದೂಡಿ. ವೈದ್ಯರು ಒಪ್ಪದಿದ್ದರೆ ಹೊಸ ವಕೀಲರೊಂದಿಗೆ ಕನಿಷ್ಠ ಒಂದು ಪೂರ್ಣ ದಿನ ಕೂತು ಕಡತವನ್ನು ಬಾಯಿಮಾತಿನಲ್ಲಿ ದಾಟಿಸಿ.

ಇಂದಿನಿಂದಲೇ ಹೊಸ ಪ್ರಕರಣ ಒಪ್ಪಿಕೊಳ್ಳಬೇಡಿ. ಹೊಸಬರಿಗೆ ಇಲ್ಲವೆನ್ನುವುದು ಸುಲಭ, ಕಷ್ಟವಿರುವುದು ಹಳೆಯ ಕಕ್ಷಿದಾರರು ತರುವ ಸಣ್ಣ ಕೆಲಸಗಳಲ್ಲಿ. ಒಂದು ನೋಟಿಸು ಕಳಿಸಿ ಕೊಡಿ ಸಾಕು ಎಂದು ಬರುತ್ತಾರೆ, ಆ ನೋಟಿಸು ಆರು ತಿಂಗಳ ಮೇಲೆ ದಾವೆಯಾಗುತ್ತದೆ, ಆಗ ನೀವು ಇರುವುದಿಲ್ಲ. ಒಪ್ಪಿಕೊಳ್ಳದ ಕೆಲಸವನ್ನು ಒಪ್ಪಿಕೊಂಡಿಲ್ಲವೆಂದು, ಕಾಲಮಿತಿಯಿದೆ ಬೇಗ ಬೇರೆಯವರನ್ನು ನೋಡಿ ಎಂಬ ಎಚ್ಚರಿಕೆಯೊಂದಿಗೆ, ಎರಡು ಸಾಲಿನಲ್ಲಾದರೂ ಬರೆದುಕೊಡಿ.

ತಿಳಿಸುವ ಕ್ರಮವೂ ಮುಖ್ಯ. ನಿಮ್ಮ ಕಿರಿಯರಿಗೂ ಗುಮಾಸ್ತರಿಗೂ ಎಲ್ಲರಿಗಿಂತ ಮೊದಲು, ಅದೂ ಒಟ್ಟಿಗೆ ಕೂರಿಸಿಕೊಂಡು ಹೇಳಿ. ಅವರ ಜೀವನವೂ ಈ ಕಚೇರಿಯ ಮೇಲೆ ನಿಂತಿದೆ, ಮತ್ತು ಸುದ್ದಿಯನ್ನು ಅವರು ನ್ಯಾಯಾಲಯದ ಆವರಣದಲ್ಲಿ ಕೇಳುವಂತಾಗಬಾರದು. ಆಮೇಲೆ ಕಕ್ಷಿದಾರರಿಗೆ, ಹತ್ತಿರದ ವಾಯಿದೆ ಯಾರದಿದೆಯೋ ಅವರಿಗೆ ಮೊದಲು. ಪತ್ರ ಎಲ್ಲರಿಗೂ ಒಂದೇ ಮಾದರಿಯಲ್ಲಿ ಇರಬಾರದು, ಪ್ರತಿಯೊಂದೂ ಆ ಕಕ್ಷಿದಾರರ ಪ್ರಕರಣದ ಬಗ್ಗೆಯೇ ಇರಬೇಕು: ಪ್ರಕರಣ ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವ ನ್ಯಾಯಾಲಯದಲ್ಲಿ ಯಾವ ದಿನ, ಯಾವ ಕೆಲಸಕ್ಕೆ ಯಾವ ದಿನ ಕೊನೆ, ನೀವು ಯಾವ ದಿನದವರೆಗೆ ಹಾಜರಾಗುತ್ತೀರಿ, ಅವರ ಯಾವ ಮೂಲ ಪತ್ರಗಳು ನಿಮ್ಮಲ್ಲಿವೆ, ಅವರ ಹಣ ಎಷ್ಟಿದೆ, ಅವರು ಯಾವ ದಿನದೊಳಗೆ ತಮ್ಮ ಆಯ್ಕೆಯನ್ನು ತಿಳಿಸಬೇಕು. ಆಯ್ಕೆಗಳನ್ನು ಬಿಡಿಸಿ ಬರೆಯಿರಿ. ಕಡತವನ್ನು ತಾವೇ ಪಡೆದುಕೊಳ್ಳಬಹುದು, ತಮಗೆ ಬೇಕಾದ ವಕೀಲರಿಗೆ ಕೊಡಿಸಬಹುದು, ಇಲ್ಲವೆ ನೀವು ಸೂಚಿಸುವ ಎರಡು ಮೂರು ಹೆಸರುಗಳಲ್ಲಿ ಒಬ್ಬರನ್ನು ಆರಿಸಬಹುದು. ಒಂದೇ ಹೆಸರು ಸೂಚಿಸಿದರೆ ಅದು ಆಯ್ಕೆಯಂತೆ ಕಾಣದೆ ಆದೇಶದಂತೆ ಕಾಣುತ್ತದೆ, ಆದ್ದರಿಂದ ನಿಮ್ಮ ಕಿರಿಯರ ಹೆಸರಿನೊಂದಿಗೆ ಬೇರೆ ಹೆಸರೂ ಇರಲಿ. ಕಾನೂನಿನ ಭಾಷೆ ಬೇಡ, ಅವರು ಓದುವ ಭಾಷೆಯಲ್ಲಿ ಬರೆಯಿರಿ, ಓದಲು ಬಾರದವರನ್ನು ಕರೆಸಿ ಎದುರಿಗೆ ಓದಿ ಹೇಳಿ. ನಿಮ್ಮ ಕಾಯಿಲೆಯ ವಿವರ ಪತ್ರದಲ್ಲಿ ಬೇಕಿಲ್ಲ, ವೃತ್ತಿಯಿಂದ ನಿವೃತ್ತಿ ಎಂದರೆ ಸಾಕು. ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅದರ ನಕಲನ್ನೂ ರಸೀದಿಯನ್ನೂ ಕಡತದಲ್ಲಿಡಿ. ವಾಟ್ಸ್ಆ್ಯಪ್ ಸಂದೇಶ ಹೆಚ್ಚುವರಿಯಾಗಿ ಇರಲಿ, ಅದೊಂದೇ ಆಗಬಾರದು.

ಕೆಲವರು ಉತ್ತರಿಸುವುದಿಲ್ಲ. ಕೆಲವು ಪತ್ರಗಳು ವಿಳಾಸದಾರರಿಲ್ಲವೆಂದು ಹಿಂದಕ್ಕೆ ಬರುತ್ತವೆ. ಇಲ್ಲಿಯೇ ಅನೇಕರು ಕೈಚೆಲ್ಲುತ್ತಾರೆ, ಆದರೆ ಕಾನೂನು ನಿಮ್ಮನ್ನು ಇಲ್ಲಿ ಬಿಟ್ಟುಬಿಡುವುದಿಲ್ಲ. ಭಾರತದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ, ಕಕ್ಷಿದಾರರು ಅಥವಾ ವಕೀಲರು ಸಹಿ ಮಾಡಿದ ಬರಹವನ್ನು ನ್ಯಾಯಾಲಯದ ಅನುಮತಿಯೊಂದಿಗೆ ಸಲ್ಲಿಸುವವರೆಗೆ, ಅಥವಾ ಅವರಲ್ಲೊಬ್ಬರು ತೀರಿಕೊಳ್ಳುವವರೆಗೆ, ಅಥವಾ ಆ ಕಕ್ಷಿದಾರರ ಮಟ್ಟಿಗೆ ದಾವೆಯ ಎಲ್ಲ ನಡವಳಿಗಳೂ ಮುಗಿಯುವವರೆಗೆ ವಕಾಲತ್ತು ಜಾರಿಯಲ್ಲಿರುತ್ತದೆ. ಆ ನಿಯಮದ ವಿವರಣೆಯು ಮೇಲ್ಮನವಿ, ಪುನರ್ವಿಮರ್ಶೆಯ ಅರ್ಜಿ, ದಾಖಲೆಗಳ ನಕಲು ಅಥವಾ ವಾಪಸಾತಿಯ ಅರ್ಜಿ, ಹಣದ ಮರುಪಾವತಿ ಇವುಗಳನ್ನೂ ದಾವೆಯ ನಡವಳಿಗಳೆಂದೇ ಎಣಿಸುತ್ತದೆ. ಹಾಗಾಗಿ ಮುಗಿದಿದೆ ಎಂದುಕೊಂಡ ದಾವೆಯಲ್ಲಿ ನಿಮ್ಮ ವಕಾಲತ್ತು ಇನ್ನೂ ಜೀವಂತವಾಗಿರಬಹುದು, ಎದುರು ಪಕ್ಷದವರ ನೋಟಿಸು ನಿಮ್ಮ ಮುಚ್ಚಿದ ಬಾಗಿಲಿಗೆ ಬರಬಹುದು. ಸಿಗದ ಕಕ್ಷಿದಾರರ ಪ್ರಕರಣಗಳಲ್ಲಿ, ಹುಡುಕಲು ಏನೇನು ಮಾಡಿದಿರೆಂದು ವಿವರಿಸಿ, ಅಂಚೆಯ ಲಕೋಟೆಗಳನ್ನು ಲಗತ್ತಿಸಿ, ಆ ವಕಾಲತ್ತಿನಿಂದ ಹಿಂದೆ ಸರಿಯಲು ಅನುಮತಿ ಕೋರುವ ನಿವೃತ್ತಿ ಮೆಮೊ ಸಲ್ಲಿಸಿ. ನ್ಯಾಯಾಲಯವೇ ಕಕ್ಷಿದಾರರಿಗೆ ನೋಟಿಸು ಕಳಿಸುವಂತೆ ಕೋರಿ. ಅನುಮತಿ ಸಿಗುವ ತನಕ ಪ್ರತಿ ವಾಯಿದೆಗೂ ಹಾಜರಾಗಿ. ಇದಕ್ಕೆ ತಿಂಗಳುಗಳು ಹಿಡಿಯುವುದರಿಂದ ಇಂಥ ಪ್ರಕರಣಗಳನ್ನು ಕೊನೆಗೆ ಉಳಿಸಬೇಡಿ, ಮೊದಲು ಎತ್ತಿಕೊಳ್ಳಿ.

ಹೊಸ ವಕೀಲರು ಬಂದಾಗ ನಿರಾಕ್ಷೇಪಣೆಯನ್ನು ಅಂದೇ ಬರೆದುಕೊಡಿ. ಭಾರತದಲ್ಲಿ ಈಗಾಗಲೇ ವಕಾಲತ್ತು ಸಲ್ಲಿಸಿರುವ ವಕೀಲರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಹಾಜರಾಗಬಾರದೆಂಬ ನಿಯಮವಿರುವುದರಿಂದ ನಿಮ್ಮ ಸಹಿಗಾಗಿ ಅವರು ಕಾಯಬೇಕಾಗುತ್ತದೆ. ಶುಲ್ಕ ಬಾಕಿಯಿದೆಯೆಂದು ಸಹಿಯನ್ನಾಗಲಿ ಕಡತವನ್ನಾಗಲಿ ತಡೆಹಿಡಿಯುವ ಯೋಚನೆ ಬಂದರೆ ಅದನ್ನು ಬಿಟ್ಟುಬಿಡಿ. ಶುಲ್ಕದ ಬಾಕಿಗಾಗಿ ಕಕ್ಷಿದಾರರ ಕಡತದ ಮೇಲೆ ವಕೀಲರಿಗೆ ಯಾವ ಹಿಡಿತದ ಹಕ್ಕೂ ಇಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೀರ್ಪು ನೀಡಿದೆ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳಿಗೆ (ಅಲ್ಲಿನ ಒಂದು ವರ್ಗದ ವಕೀಲರಿಗೆ) ಅಂಥ ಹಕ್ಕು ಇದೆಯಾದರೂ, ಸಾಲಿಸಿಟರರೇ ನಡುವೆ ಕೆಲಸ ಬಿಟ್ಟಾಗ ಅದು ಬಹುಮಟ್ಟಿಗೆ ಸಡಿಲವಾಗುತ್ತದೆ, ಕಡತವನ್ನು ಹೊಸಬರಿಗೆ ಕೊಡಲೇಬೇಕಾಗಿ ಬರುತ್ತದೆ. ಆ ವ್ಯತ್ಯಾಸದ ಹಿಂದಿನ ನ್ಯಾಯ ನಿಮಗೂ ಅನ್ವಯಿಸುತ್ತದೆ. ಹೊರಡುತ್ತಿರುವವರು ನೀವು, ಕಕ್ಷಿದಾರರಲ್ಲ. ಬಾಕಿ ಬರಬೇಕಾದ್ದಿದ್ದರೆ ಅದಕ್ಕೆ ಬೇರೆ ದಾರಿಗಳಿವೆ.

ಹಣದ ಲೆಕ್ಕವನ್ನು ಪ್ರತಿ ಕಡತಕ್ಕೂ ಪ್ರತ್ಯೇಕವಾಗಿ ಮಾಡಿ. ನ್ಯಾಯಾಲಯ ಶುಲ್ಕಕ್ಕೆಂದು, ಸಮನ್ಸಿನ ಖರ್ಚಿಗೆಂದು ಪಡೆದು ಉಳಿದ ಮೊತ್ತ, ರಾಜಿಯ ಹಣ, ಕಕ್ಷಿದಾರರ ಪರವಾಗಿ ನ್ಯಾಯಾಲಯದಿಂದ ಪಡೆದದ್ದು, ಇವು ಯಾವುವೂ ನಿಮ್ಮ ಆದಾಯವಲ್ಲ, ನಿಮ್ಮ ಖಾತೆಯಲ್ಲಿದ್ದರೂ ಅಲ್ಲ. ಕಷ್ಟವಾಗುವುದು ಇಡೀ ದಾವೆಗೆಂದು ಒಟ್ಟಿಗೆ ಪಡೆದ ಶುಲ್ಕದಲ್ಲಿ ಎಷ್ಟು ದುಡಿದದ್ದು ಎಂದು ತೀರ್ಮಾನಿಸುವುದು. ಲಿಖಿತ ಹೇಳಿಕೆ ಸಲ್ಲಿಸಿ, ವಿವಾದಾಂಶಗಳು ರೂಪುಗೊಂಡ ಹಂತದಲ್ಲಿ ನಿಂತಿರುವ ದಾವೆಯಲ್ಲಿ ಸಾಕ್ಷ್ಯವೂ ವಾದವೂ ಪೂರ್ತಿ ಬಾಕಿಯಿರುತ್ತವೆ, ಮತ್ತು ಕಕ್ಷಿದಾರರು ಅದಕ್ಕಾಗಿ ಹೊಸ ವಕೀಲರಿಗೆ ಮತ್ತೆ ಹಣ ಕೊಡಬೇಕಾಗುತ್ತದೆ. ನಾನು ಅನುಸರಿಸಿದ ಕ್ರಮವೆಂದರೆ, ದಾವೆಯನ್ನು ಹಂತಗಳಾಗಿ ಒಡೆದು, ಪ್ರತಿ ಹಂತಕ್ಕೆ ತಗಲುವ ಶ್ರಮವನ್ನು ಅಂದಾಜಿಸಿ, ಸಂದೇಹವಿದ್ದಲ್ಲಿ ಕಕ್ಷಿದಾರರ ಕಡೆಗೆ ವಾಲುವುದು. ಲೆಕ್ಕವನ್ನು ಕಾಗದದ ಮೇಲೆ ತೋರಿಸಿ, ಚೆಕ್ಕಿನ ಮೂಲಕ ಹಿಂದಿರುಗಿಸಿ, ರಸೀದಿ ಪಡೆಯಿರಿ. ಮೂವತ್ತನಾಲ್ಕು ವರ್ಷಗಳ ವೃತ್ತಿಯ ಬಗ್ಗೆ ಜನ ಕೊನೆಗೆ ಆಡುವ ಮಾತು ಬಹುಮಟ್ಟಿಗೆ ಈ ಲೆಕ್ಕದಿಂದ ನಿರ್ಧಾರವಾಗುವುದನ್ನು ಕಂಡಿದ್ದೇನೆ. ಪತ್ತೆಯಾಗದವರ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಯಾರದು, ಯಾವ ಪ್ರಕರಣದ್ದು, ಹೇಗೆ ಬಂತು ಎಂಬ ವಿವರವನ್ನು ಸಹವಕೀಲರಿಗೂ ಮನೆಯವರಿಗೂ ತಿಳಿಯುವಂತೆ ಬರೆದಿಡಿ.

ಈಗ ಆ ಮೂರು ಬೀರುಗಳು. ನಿಮ್ಮ ಪ್ರಶ್ನೆಯಲ್ಲಿ ಇವು ಒಂದೇ ಸಾಲಿನಲ್ಲಿ ಬಂದು ಹೋಗಿವೆ, ಆದರೆ ಹೆಚ್ಚಿನ ಶ್ರಮವನ್ನು ಬೇಡುವುದು ಇವೇ. ಹಳೆಯ ಕಡತವನ್ನು ತೆರೆಯದೆ ವಿಲೇವಾರಿ ಮಾಡಬಾರದು, ಏಕೆಂದರೆ ಅದರೊಳಗೆ ಬೇರೆಯವರ ಬದುಕಿನ ಮೂಲ ಕಾಗದಗಳಿರುತ್ತವೆ. ಆ ಹಿರಿಯರ ಕಚೇರಿಯಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ಮುಗಿದುಹೋಗಿದ್ದ ತಡೆಯಾಜ್ಞೆಯ ದಾವೆಯೊಂದರ ಕಡತದ ಹಿಂದೆ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕುಟುಂಬದ ಮೂಲ ವಿಭಾಗಪತ್ರ ಸಿಕ್ಕಿತ್ತು. ಅದು ಕಳೆದುಹೋಯಿತೆಂದು ಆ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡು ಮಾತು ಬಿಟ್ಟು ವರ್ಷಗಳಾಗಿದ್ದವು. ಆದ್ದರಿಂದ ಮೊದಲ ಸುತ್ತಿನಲ್ಲಿ ಬೇರೇನನ್ನೂ ಓದದೆ ಮೂಲ ಪತ್ರಗಳನ್ನು ಮಾತ್ರ ಹೊರತೆಗೆಯಿರಿ: ಕ್ರಯಪತ್ರ, ವಿಭಾಗಪತ್ರ, ಉಯಿಲು, ಅಧಿಕಾರಪತ್ರ, ಅಂಕಪಟ್ಟಿ, ಸಹಿಮಾಡಿದ ಖಾಲಿ ಕಾಗದ ಅಥವಾ ಚೆಕ್ಕುಗಳು. ಕೊನೆಯವು ಇದ್ದರೆ ತಕ್ಷಣ ಹಿಂದಿರುಗಿಸಿ, ಅವು ತಪ್ಪು ಕೈಗೆ ಹೋದರೆ ಆಗುವ ಅನಾಹುತಕ್ಕೆ ಉತ್ತರ ಹೇಳಬೇಕಾದವರು ನೀವು.

ಉಯಿಲುಗಳಿಗೆ ಬೇರೆಯದೇ ಪುಸ್ತಕ ಮಾಡಿ. ಬರೆಸಿದವರು ಬದುಕಿದ್ದರೆ ಅವರ ಕೈಗೇ ಕೊಡಿ, ಮಕ್ಕಳ ಕೈಗೆ ಅಲ್ಲ, ಎಷ್ಟೇ ಹತ್ತಿರದ ಪರಿಚಯವಿದ್ದರೂ ಅಲ್ಲ. ಭಾರತದ 1908ರ ನೋಂದಣಿ ಅಧಿನಿಯಮದ 42ನೇ ಕಲಮಿನಂತೆ ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ರಿಜಿಸ್ಟ್ರಾರರ ಬಳಿ ಠೇವಣಿಯಿಡಲು ಅವಕಾಶವಿದೆ, ಆದರೆ ಅದನ್ನು ಮಾಡಬೇಕಾದವರು ಉಯಿಲು ಬರೆದವರೇ ಅಥವಾ ಅವರು ಅಧಿಕಾರ ಕೊಟ್ಟವರು. ನೀವಾಗಿ ಕೊಂಡೊಯ್ದು ಇಡುವಂತಿಲ್ಲವಾದ್ದರಿಂದ, ಆ ದಾರಿಯನ್ನು ಪತ್ರದಲ್ಲೇ ಅವರಿಗೆ ತಿಳಿಸಿ. ನೀವು ಸಾಕ್ಷಿಯಾಗಿ ಸಹಿ ಹಾಕಿರುವ ಉಯಿಲುಗಳಿದ್ದರೆ ನಿವೃತ್ತಿಯ ನಂತರದ ನಿಮ್ಮ ವಿಳಾಸವನ್ನು ಅವರಿಗೆ ಬರೆದುಕೊಡುವುದನ್ನು ಮರೆಯಬೇಡಿ.

ಉಳಿದ ಕಡತಗಳನ್ನು ಎಷ್ಟು ವರ್ಷ ಇಡಬೇಕೆಂಬ ಪ್ರಶ್ನೆಗೆ ಒಂದು ಅಂಕಿಯ ಉತ್ತರವನ್ನು ಎಲ್ಲರೂ ಬಯಸುತ್ತಾರೆ. ಕಕ್ಷಿದಾರರ ಹಣ ಮತ್ತು ಸ್ವತ್ತಿನ ದಾಖಲೆಗಳನ್ನು ಕೆಲಸ ಮುಗಿದ ಮೇಲೆ ಐದು ವರ್ಷ ಕಾಪಾಡಬೇಕೆಂದು ಅಮೆರಿಕದ ಮಾದರಿ ನಿಯಮ ಹೇಳುತ್ತದೆ. ಆದರೆ ಭಾರತದಲ್ಲಿ ಸಿವಿಲ್ ಡಿಕ್ರಿಯೊಂದನ್ನು ಸಾಮಾನ್ಯವಾಗಿ 12 ವರ್ಷಗಳವರೆಗೆ ಅಮಲ್ಜಾರಿಗೆ ತರಬಹುದು, ಅಪ್ರಾಪ್ತ ವಯಸ್ಕರು ಪ್ರಾಪ್ತರಾದ ಮೇಲೆ ದಾವೆ ಹೂಡಲು ಮೂರು ವರ್ಷಗಳವರೆಗೂ ಕಾಲ ಪಡೆಯಬಹುದು. ಹೀಗಿರುವಾಗ ಐದು ವರ್ಷ ಕಳೆಯಿತೆಂದು ಡಿಕ್ರಿಯ ಕಡತವನ್ನು ನಾಶಮಾಡುವುದು ಕಕ್ಷಿದಾರರ ಕೈಯಲ್ಲಿರುವ ಹಕ್ಕನ್ನೇ ಕುರುಡಾಗಿಸಿದಂತೆ. ಕಡತದ ವಯಸ್ಸನ್ನು ನೋಡಬೇಡಿ, ಅದಕ್ಕೆ ಅಂಟಿಕೊಂಡ ಹಕ್ಕು ಇನ್ನೂ ಜೀವಂತವಾಗಿದೆಯೇ ಎಂದು ನೋಡಿ. ಸಾಧ್ಯವಾದಷ್ಟನ್ನು ಕಕ್ಷಿದಾರರಿಗೇ ಪಟ್ಟಿ ಸಮೇತ ಕೊಟ್ಟು ಸಹಿ ಪಡೆಯುವುದೇ ಉತ್ತಮ, ಇಟ್ಟುಕೊಳ್ಳುವ ಹೊರೆಯೂ ಕಡಿಮೆಯಾಗುತ್ತದೆ. ನಾಶಮಾಡಲೇಬೇಕಾದವನ್ನು ಯಂತ್ರದಲ್ಲಿ ಚೂರುಮಾಡಿಸಿ, ಯಾವ ಕಡತವನ್ನು ಯಾವ ದಿನ ನಾಶಮಾಡಿದಿರೆಂದು ಬರೆದಿಡಿ. ಇಡೀ ಬೀರುವನ್ನು ರದ್ದಿಗೆ ತೂಗಿಹಾಕುವುದು ಅಕ್ಷಮ್ಯ. ಕಕ್ಷಿದಾರರು ನಿಮ್ಮಲ್ಲಿ ಹೇಳಿಕೊಂಡ ಮಾತನ್ನು ಗುಟ್ಟಾಗಿಡುವ ಹೊಣೆ ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 126ನೇ ಕಲಂ ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಧಿನಿಯಮದ 132ನೇ ಕಲಮಿನಲ್ಲೂ ಅದು ಉಳಿದಿದೆ. ಆ ಕಲಂ ಗುಮಾಸ್ತರಿಗೂ ಅನ್ವಯಿಸುತ್ತದೆಂಬುದನ್ನು ನಿಮ್ಮ ಗುಮಾಸ್ತರಿಗೆ ಸೌಜನ್ಯದಿಂದ ನೆನಪಿಸಿ.

ಗಣಕಯಂತ್ರ, ಮೊಬೈಲು, ಇಮೇಲುಗಳಿಗೂ ಇದೇ ಎಚ್ಚರ ಬೇಕು. ನ್ಯಾಯಾಲಯಗಳ ಇ-ಫೈಲಿಂಗ್ ಖಾತೆಯಲ್ಲಿ ನಿಮ್ಮ ಸಂಖ್ಯೆಯೇ ನೋಂದಣಿಯಾಗಿದ್ದರೆ ಸೂಚನೆಗಳು ನಿಮಗೇ ಬರುತ್ತಿರುತ್ತವೆ, ಆದ್ದರಿಂದ ಪ್ರತಿ ಪ್ರಕರಣದಲ್ಲೂ ಹೊಸ ವಕೀಲರ ವಿವರ ಸೇರುವ ತನಕ ಆ ಸಂಖ್ಯೆಯನ್ನು ರದ್ದು ಮಾಡಬೇಡಿ. ಹಳೆಯ ಗಣಕಯಂತ್ರವನ್ನು ಯಾರಿಗಾದರೂ ಕೊಡುವ ಮೊದಲು ಅದರ ಹಾರ್ಡ್ ಡಿಸ್ಕನ್ನು ತೆಗೆಸಿ. ನಿಮ್ಮ ಡಿಜಿಟಲ್ ಸಹಿಯ ಸಾಧನ ನಿಮ್ಮ ಬಳಿಯೇ ಇರಲಿ, ಕಿರಿಯರ ಬಳಿಯೂ ಅಲ್ಲ.

ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿದ್ದರೆ, ಅದು ಕ್ಲೇಮು ಬಂದ ದಿನದ ಪಾಲಿಸಿಯನ್ನು ನೋಡುತ್ತದೆಯೇ, ತಪ್ಪು ನಡೆದ ದಿನದ್ದನ್ನು ನೋಡುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮೊದಲನೆಯದಾಗಿದ್ದರೆ ಕಚೇರಿ ಮುಚ್ಚಿದ ಮೇಲೂ ರಕ್ಷಣೆ ಮುಂದುವರಿಯಬೇಕು. ಇಂಗ್ಲೆಂಡಿನಲ್ಲಿ ಮುಚ್ಚುವ ಸಾಲಿಸಿಟರ್ ಸಂಸ್ಥೆಗಳಿಗೆ ಆರು ವರ್ಷಗಳ ಮುಂದುವರಿಕೆ ವಿಮೆ ಕಡ್ಡಾಯವಾಗಿದೆ.

ಪರಿಷತ್ತಿಗೆ ಬರೆಯುವುದು ಕೊನೆಯ ಹೆಜ್ಜೆಗಳಲ್ಲಿ ಒಂದಾಗಿರಲಿ. ಭಾರತದಲ್ಲಿ ವೃತ್ತಿಯನ್ನು ಸ್ವಇಚ್ಛೆಯಿಂದ ಸ್ಥಗಿತಗೊಳಿಸುವವರು ನೋಂದಣಿಯ ಮೂಲ ಪ್ರಮಾಣಪತ್ರದೊಂದಿಗೆ ರಾಜ್ಯ ಪರಿಷತ್ತಿಗೆ ನೋಂದಾಯಿತ ಅಂಚೆಯಲ್ಲಿ ತಿಳಿಸಬೇಕು. 1961ರ ವಕೀಲರ ಅಧಿನಿಯಮದ 26ಎ ಕಲಮಿನಂತೆ ಕೋರಿಕೆಯ ಮೇರೆಗೆ ಹೆಸರನ್ನೇ ಪಟ್ಟಿಯಿಂದ ತೆಗೆಸಲೂಬಹುದು. ಇವೆರಡರಲ್ಲಿ ಯಾವುದನ್ನು ಆರಿಸಿದರೂ, ಕೊನೆಯ ವಕಾಲತ್ತಿನಿಂದ ನ್ಯಾಯಾಲಯದ ಅನುಮತಿಯೊಂದಿಗೆ ನಿವೃತ್ತರಾಗುವ ಮೊದಲು ಮಾಡಬೇಡಿ. ವೃತ್ತಿಯ ಹಕ್ಕನ್ನು ಬಿಟ್ಟುಕೊಟ್ಟ ಮೇಲೆ, ಬಾಕಿಯಿರುವ ಪ್ರಕರಣದಲ್ಲಿ ಎದ್ದುನಿಂತು ಮುದ್ದತು ಕೇಳುವ ಹಕ್ಕೂ ನಿಮಗಿರುವುದಿಲ್ಲ. ಹೆಸರನ್ನು ಪೂರ್ತಿಯಾಗಿ ತೆಗೆಸುವುದಕ್ಕಿಂತ ಸ್ಥಗಿತವೇ ಲೇಸೆಂದು ನನಗೆ ತೋರುತ್ತದೆ, ಆರೋಗ್ಯ ಸುಧಾರಿಸಿದರೆ ಬಾಗಿಲು ತೆರೆದಿರುತ್ತದೆ.

ಬಾಡಿಗೆ ಕರಾರು, ವಿದ್ಯುತ್ತು, ದೂರವಾಣಿ, ಗ್ರಂಥಗಳ ವಿಲೇವಾರಿ ಇವುಗಳನ್ನು ನೀವು ನಿಭಾಯಿಸಬಲ್ಲಿರಿ. ಗುಮಾಸ್ತರಿಗೆ ಸಲ್ಲಬೇಕಾದ್ದನ್ನು ಮಾತ್ರ ಬಾಡಿಗೆಗಿಂತ ಮೊದಲು ಲೆಕ್ಕಹಾಕಿ, ಸಾಧ್ಯವಾದರೆ ಅವರಿಗೆ ಬೇರೆಡೆ ಕೆಲಸವನ್ನೂ ನೀವೇ ಗೊತ್ತುಮಾಡಿ. ಇಷ್ಟು ವರ್ಷ ನಿಮ್ಮ ವಾಯಿದೆಗಳನ್ನು ಕಾಯ್ದವರು ಅವರು.

ಕಚೇರಿ ಮುಚ್ಚಿದ ಮೇಲೆ ಕನಿಷ್ಠ ಎರಡು ವರ್ಷ ಹಳೆಯ ದೂರವಾಣಿ ಸಂಖ್ಯೆಯನ್ನು ಉಳಿಸಿಕೊಳ್ಳಿ, ಅಂಚೆ ಹೊಸ ವಿಳಾಸಕ್ಕೆ ಬರುವಂತೆ ವ್ಯವಸ್ಥೆ ಮಾಡಿ, ಬಾಗಿಲ ಮೇಲೆ ಯಾರನ್ನು ಸಂಪರ್ಕಿಸಬೇಕೆಂದು ಬರೆದು ಅಂಟಿಸಿ. ಮೊದಲ ಆರು ತಿಂಗಳು, ದಾಟಿಸಿದ ಪ್ರಕರಣಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆದು, ಹೊಸ ವಕೀಲರ ವಕಾಲತ್ತು ನಿಜವಾಗಿ ದಾಖಲಾಗಿದೆಯೇ ಎಂದು ನ್ಯಾಯಾಲಯದ ಜಾಲತಾಣದಲ್ಲಿ ನೋಡಿ. ಕಡತ ಕೊಂಡೊಯ್ದ ಕಕ್ಷಿದಾರರು ಯಾರನ್ನೂ ನೇಮಿಸದೆ ಸುಮ್ಮನಿರುವುದುಂಟು, ಅಂಥವರಿಗೆ ವಾಯಿದೆಗೆ ಮೊದಲೇ ಒಂದು ಕರೆ ಮಾಡಿ. ಕಕ್ಷಿದಾರರು ಅಭ್ಯಾಸಬಲದಿಂದ ಸಲಹೆ ಕೇಳಿ ಕರೆ ಮಾಡಿದಾಗ, ಕಡತದಲ್ಲಿ ಹಿಂದೆ ಏನಾಗಿತ್ತೆಂಬುದನ್ನು ಹೇಳಿ, ಮುಂದೇನು ಮಾಡಬೇಕೆಂಬುದನ್ನು ಅವರ ಈಗಿನ ವಕೀಲರಿಂದಲೇ ಕೇಳಿ ತಿಳಿಯುವಂತೆ ಹೇಳಿ.